ಪೂಜೆಯ ಗುಲಾಬಿಗೆ ಮನೆಯ ಮದ್ದು

ಇಷ್ಟಲಿಂಗ ಪೂಜೆಗೆ ಹಿತ್ತಿಲಿನ ಹೂವನ್ನೇ ತರುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆ ಹೂಗಳಲ್ಲಿ ಗುಲಾಬಿಗೆ ಮನ್ನಣೆ ಹೆಚ್ಚು, ರೋಗಬಾಧೆಯೂ ಹೆಚ್ಚು. ಎಲೆಯ ಮೇಲೆ ಚುಕ್ಕೆ ಕಂಡೊಡನೆ ಅಂಗಡಿಯ ವಿಷವನ್ನು ತಂದು ಸಿಂಪಡಿಸುವ ಆತುರ ಸಲ್ಲದು. ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು, ಉಸಿರು ತಾಗುವಷ್ಟು ಸಮೀಪದಲ್ಲಿ ನಾವು ಏರಿಸುವ ಹೂವದು. ಪೂಜೆಯ ತರುವಾಯ ತಾಯಂದಿರ ಮುಡಿಗೂ ಮಕ್ಕಳ ಕೈಗೂ ಸೇರುವುದು. ಅದಕ್ಕೆ ವಿಷದ ಲೇಪವಾಗದಂತೆ ನೋಡಿಕೊಳ್ಳುವುದು ಗೃಹಸ್ಥರ ಹೊಣೆ.

ಮೊದಲು ರೋಗವನ್ನು ಗುರುತಿಸಬೇಕು. ಗುಲಾಬಿಯನ್ನು ಕಾಡುವ ಶಿಲೀಂಧ್ರ ರೋಗಗಳಲ್ಲಿ ಎರಡು ಮುಖ್ಯವಾದವು. ಚಿಗುರು, ಮೊಗ್ಗುಗಳ ಮೇಲೆ ಬೂದಿ ಎರಚಿದಂತೆ ಬಿಳಿಯ ಪುಡಿ ಕಂಡು ಎಲೆ ಮುದುಡಿದರೆ ಅದು ಬೂದಿ ರೋಗ. ಹಗಲು ಒಣಹವೆ, ಇರುಳು ತಂಪು ಇರುವ ದಿನಗಳಲ್ಲಿ ಇದರ ಕಾಟ ಅಧಿಕ. ಇದು ಹಬ್ಬಲು ಎಲೆ ಒದ್ದೆಯಾಗಿರಬೇಕಿಲ್ಲ. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಮೂಡಿ, ಸುತ್ತಲೂ ಹಳದಿಯಾಗಿ ಎಲೆ ಉದುರಿದರೆ ಅದು ಕಪ್ಪು ಚುಕ್ಕೆ ರೋಗ. ಇದು ವಿಶೇಷವಾಗಿ ಮಳೆಗಾಲದ ರೋಗ. ಎಲೆಯು ಸುಮಾರು 7 ಗಂಟೆಗಳ ಕಾಲ ಒದ್ದೆಯಾಗಿದ್ದರೆ ರೋಗಾಣು ಒಳಹೊಗುತ್ತದೆ. ಸಿಡಿಯುವ ಹನಿಗಳೊಡನೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ಆದುದರಿಂದ ಮೊದಲ ಮದ್ದು ಶುಚಿತ್ವವೇ. ರೋಗದ ಎಲೆಗಳನ್ನು, ಉದುರಿದವನ್ನೂ ಸೇರಿಸಿ, ಆಯ್ದು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಎರೆಯಬೇಕು. ಒತ್ತಾದ ಕಡ್ಡಿಗಳನ್ನು ಸವರಿ ಗಾಳಿ ಬೆಳಕು ಆಡುವಂತೆ ಮಾಡಬೇಕು.

ಬೂದಿ ರೋಗಕ್ಕೆ ಹಾಲು ಒಳ್ಳೆಯ ಮದ್ದು. ಬ್ರೆಜಿಲ್ ದೇಶದ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ ಅವರು ಕುಂಬಳದ ಕುಲದ ಜುಕಿನಿ ಗಿಡಗಳಿಗೆ ಹಸುವಿನ ಹಾಲನ್ನು ಸಿಂಪಡಿಸಿ, ಬೂದಿ ರೋಗ ತಗ್ಗಿದುದನ್ನು 1999ರಲ್ಲಿ ಪ್ರಕಟಿಸಿದರು. ಗುಲಾಬಿಗೆ 1 ಭಾಗ ಹಾಲಿಗೆ 9 ಭಾಗ ನೀರು ಬೆರೆಸಿ, ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಸಿಂಪಡಿಸಬಹುದು. ಕಪ್ಪು ಚುಕ್ಕೆಗೆ ಹಾಲೊಂದನ್ನೇ ನಂಬಿ ಕೂರಲಾಗದು.

ಎರಡನೆಯದು ಅಡಿಗೆ ಸೋಡಾ. ಸೋಡಾವನ್ನು ಎಣ್ಣೆಯೊಡನೆ ಬೆರೆಸಿ ಸಿಂಪಡಿಸಿದರೆ ಗುಲಾಬಿಯ ಈ ಎರಡೂ ರೋಗಗಳು ತಗ್ಗುವುವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1992ರಲ್ಲಿ ತಿಳಿಸಿದರು. 1 ಲೀಟರ್ ನೀರಿಗೆ 1 ಸಣ್ಣ ಚಮಚ ಸೋಡಾ, ಅಷ್ಟೇ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯುವಂತೆ ಕೆಲವು ಹನಿ ಸಾಬೂನಿನ ನೀರು ಸಾಕು. ಮೊದಲು ನಾಲ್ಕೆಂಟು ಎಲೆಗಳಿಗೆ ಹಾಕಿ ಎರಡು ದಿನ ನೋಡಬೇಕು. ಸೋಡಾ ಹೆಚ್ಚಾದರೆ ಎಲೆ ಸುಡುವುದು; ಪದೇ ಪದೇ ಮಣ್ಣಿಗಿಳಿದರೆ ಬೇರಿಗೂ ಕೇಡು. ನಡುಹಗಲಿನ ಬಿಸಿಲಿನಲ್ಲಿ ಸಿಂಪಡಿಸಬಾರದು. ಎಲೆಯ ಹಿಂಬದಿಯೂ ನೆನೆಯಬೇಕು.

ಇವು ಕಾಯುವ ಮದ್ದುಗಳೇ ಹೊರತು, ಕೆಟ್ಟ ಎಲೆಯನ್ನು ಮತ್ತೆ ಹಸುರಾಗಿಸುವಂಥವಲ್ಲ. ಗಿಡವೆಲ್ಲ ರೋಗಕ್ಕೆ ತುತ್ತಾದ ಮೇಲೆ ಮನೆಮದ್ದನ್ನು ದೂರಿ ಫಲವಿಲ್ಲ. ಆಗ ತೋಟಗಾರಿಕೆ ಬಲ್ಲವರ ಸಲಹೆಯಂತೆ ಬೇರೆ ಔಷಧಿ ಬಳಸಬೇಕಾಗಿ ಬಂದರೆ, ಆ ಗಿಡದ ಹೂವನ್ನು ಪೂಜೆಗೂ ಮುಡಿಗೂ ತರದಿರುವುದು ಲೇಸು. ದಿನವೂ ಹೂ ಕೊಯ್ಯುವ ಕೈ, ದಿನವೂ ಎಲೆಯನ್ನು ತಿರುವಿ ನೋಡಲಿ. ಅದೂ ಪೂಜೆಯ ಸಿದ್ಧತೆಯ ಒಂದು ಭಾಗವೇ. ಮನೆಯ ಮಕ್ಕಳಿಗೆ ಕಲಿಸಬಹುದಾದ ಕಾಯಕವೂ ಹೌದು.