ಜಲಾಶಯದ ಬಾಗಿಲು ತೆರೆಯುವ ಹೊತ್ತು

ಆಷಾಢದ ಮಳೆ ಭಾಗಮಂಡಲದ ಬೆಟ್ಟಗಳ ಮೇಲೆ ಹಗಲಿರುಳೆನ್ನದೆ ಸುರಿಯತೊಡಗಿ, ಹಾರಂಗಿ ಹೇಮಾವತಿಗಳೂ ತುಂಬಿ ಬಂದು ಕಾವೇರಿಯನ್ನು ಕೂಡಿಕೊಳ್ಳುವ ದಿನಗಳಲ್ಲಿ, ಮಂಡ್ಯದ ಸೀಮೆಯ ರೈತನು ಬೆಳಗಿನ ಪತ್ರಿಕೆಯಲ್ಲಿ ಮೊದಲು ಅರಸುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಕೃಷ್ಣರಾಜಸಾಗರವೆಂದೂ ಕರೆಯುವ ಆ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಅವನಿಗೆ ಕಂಠಪಾಠವಾದ ಸಂಗತಿ. ನೀರು ಅಲ್ಲಿಗೆ ಮುಟ್ಟಿತೆಂದರೆ ಅವನ ಗದ್ದೆಗೆ ಅಭಯ ದೊರೆತಂತೆ. ಕಟ್ಟೆಯ ಕೆಳಗೆ ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ ವಾಸಿಸುವವರಿಗಾದರೋ ಆ ಅಂಕಿಯೇ ಗಂಟುಮೂಟೆ ಕಟ್ಟಬೇಕೆಂಬ ಸೂಚನೆ. ಒಂದೇ ಜಲರಾಶಿಯಿಂದ ಒಬ್ಬರಿಗೆ ಪೂರ್ಣತೆಯನ್ನೂ ಇನ್ನೊಬ್ಬರಿಗೆ ರಕ್ಷಣೆಯನ್ನೂ ಏಕಕಾಲದಲ್ಲಿ ಒದಗಿಸಬೇಕಾಗಿರುವುದೇ ಜಲಾಶಯ ನಿರ್ವಹಣೆಯ ಮೂಲಭೂತವಾದ ಕಷ್ಟ.

ಈ ಕಷ್ಟದ ಪ್ರಮಾಣವು ಮನಸ್ಸಿಗೆ ಹತ್ತಬೇಕಾದರೆ ಸ್ವಲ್ಪ ಗಣಿತ ಅವಶ್ಯಕ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್; ನೂರು ಕೋಟಿ ಘನ ಅಡಿ ನೀರು ಸೇರಿದರೆ ಒಂದು ಟಿಎಂಸಿ. 11,574 ಕ್ಯೂಸೆಕ್ ಪ್ರವಾಹವು ಎಡೆಬಿಡದೆ ಒಂದು ಅಹೋರಾತ್ರಿ ಹರಿದಾಗ ಒಂದು ಟಿಎಂಸಿ ಆಗುತ್ತದೆ. ಆದುದರಿಂದ ಲಕ್ಷ ಕ್ಯೂಸೆಕ್ ಒಳಹರಿವು ಎಂದರೆ ದಿನವೊಂದಕ್ಕೆ 8.64 ಟಿಎಂಸಿ. ಕೃಷ್ಣರಾಜಸಾಗರದ ಒಟ್ಟು ಸಾಮರ್ಥ್ಯ 49.45 ಟಿಎಂಸಿ, ಇಂತಹ ನೆರೆ ನಿಲ್ಲದೆ ಬಂದರೆ ಬರಿದಾದ ಕಟ್ಟೆಯೂ ಆರು ದಿನದೊಳಗೆ ತುಂಬಿಹೋದೀತು. ಮಳೆಗಾಲದ ನಡುವೆ ಕಟ್ಟೆ ಬರಿದಾಗಿರುವುದುಂಟೆ? ಮೇಲಿನ ಕೆಲವೇ ಅಡಿಗಳು ಉಳಿದಿರುವಾಗ ಎಂಜಿನಿಯರನ ಕೈಯಲ್ಲಿರುವ ಕಾಲಾವಕಾಶವನ್ನು ದಿನಗಳಲ್ಲಿ ಅಳೆಯಲಾಗದು, ಗಂಟೆಗಳಲ್ಲಿಯೇ ಅಳೆಯಬೇಕು.

ಈ ಕಷ್ಟಕ್ಕೆ ಯಂತ್ರದಿಂದಲೇ ಪರಿಹಾರವನ್ನು ಕಲ್ಪಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಪುಣೆಯ ಸಮೀಪದ ಖಡಕವಾಸ್ಲಾ ಕಟ್ಟೆಯಲ್ಲಿ ಹೆಚ್ಚಿನ ನೀರು ಕೋಡಿ ಬಿದ್ದು ವ್ಯರ್ಥವಾಗಿ ಹೋಗುತ್ತಿದ್ದುದನ್ನು ಕಂಡು, ಗೋಡೆಯನ್ನು ಎತ್ತರಿಸದೆಯೆ ಸಂಗ್ರಹವನ್ನು ಹೆಚ್ಚಿಸುವ ಉಪಾಯವಾಗಿ, ಕಳೆದ ಶತಮಾನದ ಆರಂಭದಲ್ಲಿ ಅವರು ಅಲ್ಲಿ ಸ್ವಯಂಚಾಲಿತ ದ್ವಾರಗಳನ್ನು ಅಳವಡಿಸಿದರು. ಮುಂದೆ ಕನ್ನಂಬಾಡಿಗೂ ಆ ವಿಧಾನ ಬಂದಿತು. ಇದರ ತತ್ತ್ವ ಸರಳ, ಸರಳವಾದುದರಿಂದಲೇ ಸುಂದರ. ದ್ವಾರಗಳ ಭಾರವನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಮತ್ತೊಂದು ಭಾರದಿಂದ ಸಮತೂಗಿಸಿರುತ್ತಾರೆ. ಆ ಎರಡನೆಯ ಭಾರವು ಒಂದು ಬಾವಿಯೊಳಗೆ ತೂಗುತ್ತಿರುತ್ತದೆ. ಜಲಾಶಯದ ನೀರು ನಿಯತ ಮಟ್ಟವನ್ನು ಮೀರಿದೊಡನೆ ಒಂದು ಕಂಡಿಯ ಮೂಲಕ ಆ ಬಾವಿಯೊಳಕ್ಕೆ ಇಳಿಯತೊಡಗುತ್ತದೆ. ಆರ್ಕಿಮಿಡೀಸನ ನಿಯಮದಂತೆ ನೀರು ಭಾರವನ್ನು ಮೇಲಕ್ಕೆ ಒತ್ತುತ್ತದೆ. ಸಮತೋಲ ತಪ್ಪಿ ದ್ವಾರಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ನೆರೆ ಇಳಿದ ಮೇಲೆ ಬಾವಿಯ ನೀರು ಬಸಿದುಹೋಗಿ, ಭಾರ ಮರಳಿ ಕೆಳಗಿಳಿದು, ದ್ವಾರಗಳು ಮುಚ್ಚಿಕೊಳ್ಳುತ್ತವೆ. ನಡುರಾತ್ರಿಯ ಬಿರುಮಳೆಯಲ್ಲಿ ಕಾವಲುಗಾರನು ಬಂದು ತಿರುಗುಣಿಯನ್ನು ತಿರುಗಿಸಬೇಕಾದುದಿಲ್ಲ. ನೀರನ್ನು ನೀರೇ ಆಳುತ್ತದೆ.

ಆದರೆ ಈ ಯಂತ್ರಕ್ಕೆ ಗೊತ್ತಿರುವುದು ಬಂದ ನೀರು ಮಾತ್ರ. ಮಟ್ಟವು ಮೀರಿದ ಮೇಲೆಯೇ ಅದು ಎಚ್ಚರಗೊಳ್ಳುತ್ತದೆ. ಮೇಲಿನ ಕಣಿವೆಯಲ್ಲಿ ಏನು ನಡೆಯುತ್ತಿದೆಯೆಂಬುದು ಅದಕ್ಕೆ ಅಗೋಚರ. 1961ರ ಜುಲೈ 12ರಂದು ಖಡಕವಾಸ್ಲಾದ ಮೇಲ್ಭಾಗದಲ್ಲಿದ್ದ ಪಾನಶೇತ್ ಮಣ್ಣಿನ ಅಣೆಕಟ್ಟು ಒಡೆದು, ಆ ಮಹಾಪೂರದ ಹೊಡೆತಕ್ಕೆ ಖಡಕವಾಸ್ಲಾ ಕಟ್ಟೆಯೂ ಬಿರಿದು, ಪುಣೆ ನಗರವು ಜಲಾವೃತವಾಯಿತು. ಅಷ್ಟು ಅಗಾಧವಾದ ಅನಿರೀಕ್ಷಿತಕ್ಕೆ ಯಾವ ದ್ವಾರವೂ ಉತ್ತರವಾಗಲಾರದು.

ನಿಜವಾದ ನಿರ್ವಹಣೆಯು ದ್ವಾರದ ಬಳಿ ಪ್ರಾರಂಭವಾಗುವುದಲ್ಲ, ಮಳೆ ಬೀಳುವ ಬೆಟ್ಟದಲ್ಲಿ ಪ್ರಾರಂಭವಾಗತಕ್ಕದ್ದು. ಅಲ್ಲಿಯ ಮಳೆಮಾಪಕಗಳನ್ನೂ ಹೊಳೆಯ ಅಳತೆಗಳನ್ನೂ ನೋಡಿ, ನಾಡಿದ್ದು ಲಕ್ಷ ಕ್ಯೂಸೆಕ್ ಬರಲಿದೆಯೆಂದು ಎರಡು ದಿನ ಮೊದಲೇ ಊಹಿಸಿದರೆನ್ನಿ. ಆ ಎರಡು ದಿನ, ಬರುತ್ತಿರುವ ನೀರಿಗಿಂತ 30,000 ಕ್ಯೂಸೆಕ್ ಹೆಚ್ಚಾಗಿ ಹೊರಕ್ಕೆ ಬಿಟ್ಟರೆ ಸುಮಾರು 5.2 ಟಿಎಂಸಿಯ ಸ್ಥಳ ತೆರವಾಗುತ್ತದೆ. ಆ ತೆರಪು ನೆರೆಯ ದಿನ 60,000 ಕ್ಯೂಸೆಕ್‌ನಷ್ಟನ್ನು ಇಡೀ ದಿನ ತನ್ನೊಳಗೆ ಅಡಗಿಸಿಕೊಳ್ಳಬಲ್ಲುದಾದ್ದರಿಂದ, ಕೆಳಗಿನ ಹೊಳೆಗೆ ಲಕ್ಷದ ಬದಲು 40,000 ಮಾತ್ರ ಇಳಿಯುತ್ತದೆ. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳಿಗೂ ಇದರಿಂದ ಉಪಕಾರವೇ. ಊಹೆ ತಪ್ಪಿ ಮಳೆ ಕೈಕೊಟ್ಟರೆ ಆ ಐದು ಟಿಎಂಸಿ ನೀರು ನಾಲೆಗಳಿಗೆ ಸಿಕ್ಕದೆ ಹೋದೀತೆಂಬ ಭಯ ನಿರಾಧಾರವಾದುದೇನೂ ಅಲ್ಲ. ಈ ಕಾರಣದಿಂದಲೇ ಮಳೆಗಾಲದ ಪ್ರತಿಯೊಂದು ಹಂತದಲ್ಲಿಯೂ ಇಷ್ಟು ಸ್ಥಳ ಖಾಲಿ ಇರಲಿ, ಋತುವು ಮುಗಿಯುತ್ತ ಬಂದಂತೆ ಕಟ್ಟೆ ತುಂಬಲಿ ಎಂಬ ಕ್ರಮವನ್ನು ಮೊದಲೇ ಗೊತ್ತುಮಾಡಿಟ್ಟು, ಅದನ್ನು ಗಾಬರಿಗೊಳ್ಳದೆ ಪಾಲಿಸುವುದು ಲೇಸು. ಸಂಪೂರ್ಣ ತುಂಬಿದ ಕಟ್ಟೆಯನ್ನು ಕಾಣುವ ಆತುರದಲ್ಲಿ ಶ್ರಾವಣಕ್ಕೆ ಮುಂಚೆಯೇ ಕೊನೆಯ ಅಡಿಯವರೆಗೆ ನೀರು ನಿಲ್ಲಿಸುವುದು ನನ್ನ ಮತದಲ್ಲಿ ಅವಿವೇಕ.

ಇಷ್ಟೆಲ್ಲ ಲೆಕ್ಕಾಚಾರಕ್ಕೂ ಕಡೆಯ ಆಧಾರ ಕಬ್ಬಿಣವೇ. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ತುಂಬಿದ ನೀರು ಅಂತಹ ಒಂದು ಗೇಟಿನ ಮೇಲೆ ಹಾಕುವ ಒತ್ತಡ ಸುಮಾರು 340 ಟನ್ನು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಣಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರು ಎರಡು ಬೆಳೆಗೆಂದು ನಂಬಿದ್ದ ನೀರು ಕಣ್ಣೆದುರೇ ಹರಿದುಹೋಯಿತು. ತಂತ್ರಜ್ಞರೂ ಕಾರ್ಮಿಕರೂ ಜೀವದ ಹಂಗು ತೊರೆದು, ಧುಮುಕುತ್ತಿದ್ದ ಪ್ರವಾಹದಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ, ವಾರದೊಳಗೆ ಆ ಕಂಡಿಯನ್ನು ಮುಚ್ಚಿದುದು ಸ್ಮರಣೀಯವಾದ ಸಾಹಸ.

ಆದರೆ ಅಂತಹ ಸಾಹಸದ ಅಗತ್ಯವೇ ಬಾರದಂತೆ ನೋಡಿಕೊಳ್ಳುವ ಕಾಲ ಬೇಸಗೆ. ನೀರು ತಗ್ಗಿ ಗೇಟುಗಳು ಹೊರಗೆ ಕಾಣುವ ಚೈತ್ರ ವೈಶಾಖಗಳಲ್ಲಿ ಸರಪಣಿಯ ಕೊಂಡಿಕೊಂಡಿಯನ್ನೂ ಪರೀಕ್ಷಿಸಿ, ಸವೆದುದನ್ನು ಬದಲಾಯಿಸಲು ಬೇಕಾದ ಹಣವನ್ನು ಸರ್ಕಾರವು ಪ್ರತಿವರ್ಷವೂ ತಪ್ಪದೆ ಒದಗಿಸಬೇಕು. ಮಳೆಗಾಲದಲ್ಲಿ ಎಚ್ಚರಿಕೆಯ ಡಂಗುರ ಕೇಳಿದೊಡನೆ ಹೊಳೆಯಂಚಿನ ಬಂಧುಗಳು ದನಕರುಗಳೊಡನೆ ಮೇಲಿನ ನೆಲಕ್ಕೆ ಸರಿಯಬೇಕು.