ಮತ್ಸ್ಯನ್ಯಾಯದ ಲೆಕ್ಕಾಚಾರ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ನಮ್ಮ ಪೂರ್ವಿಕರು ಅರಾಜಕತೆಗೆ ಉಪಮಾನವಾಗಿಟ್ಟರು. ಆ ನುಂಗುವಿಕೆಯಲ್ಲಿಯೂ ಲೆಕ್ಕವುಂಟೆಂದು 1926ರಲ್ಲಿ ತೋರಿಸಿಕೊಟ್ಟವರು ಇಟಲಿಯ ಗಣಿತಜ್ಞ ವೀಟೊ ವೋಲ್ಟೆರಾ ಮಹಾಶಯರು.

1914–18ರ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಕುಗ್ಗಿತು. ಆಗ ಪೇಟೆಗೆ ಬಂದ ಮೀನುಗಳಲ್ಲಿ ಶಾರ್ಕ್ ಮೊದಲಾದ ಭಕ್ಷಕಗಳ ಪಾಲು ಹೆಚ್ಚಿತ್ತು. ಇದೇಕೆಂದು ಕೇಳಿದವರು ಅವರ ಅಳಿಯ, ಪ್ರಾಣಿಶಾಸ್ತ್ರಜ್ಞ ಡಾಂಕೋನ. ಮಾವನವರು ಎರಡು ಸಮೀಕರಣಗಳಿಂದ ಉತ್ತರವಿತ್ತರು.

ಗಣಿತವೆಂದರೆ ಬೆದರುವ ವಾಚಕರು ಅಂಜಬೇಕಾಗಿಲ್ಲ; ತಿರುಳು ಸುಲಭ. ಭಕ್ಷಕಗಳ ಸಾವು ಹೆಚ್ಚಿದರೆ, ಆ ನಷ್ಟವನ್ನು ತುಂಬುವಷ್ಟು ಸಂತಾನಕ್ಕೆ ಅವಕ್ಕೆ ಹೆಚ್ಚು ಆಹಾರ ಬೇಕು. ಆದುದರಿಂದ ಭಕ್ಷ್ಯದ ಸರಾಸರಿ ಸಂಖ್ಯೆ ಏರಿದ ಮೇಲೆಯೇ ಸಮತೋಲ. ಅಂದರೆ, ಬಲೆಯು ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಡಿದರೂ ಹಿಗ್ಗುವುದು ಸಣ್ಣ ಮೀನೇ. ಬಲೆ ನಿಂತರೆ ಶಾರ್ಕಿಗೆ ಸುಗ್ಗಿ.

ಈಗ ಬಲೆಯ ಸ್ಥಾನದಲ್ಲಿ ಕೀಟನಾಶಕವನ್ನಿಟ್ಟು ನೋಡಿರಿ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಹತ್ತಿಯಂತೆ ಬೆಳ್ಳಗಿರುವ ಶಲ್ಕಕೀಟವು ಹಾಳುಗೆಡವುತ್ತಿದ್ದಿತು. 1888–89ರಲ್ಲಿ ಆಸ್ಟ್ರೇಲಿಯದಿಂದ ತಂದು ಬಿಟ್ಟ ಒಂದು ಜಾತಿಯ ಗುಲಗಂಜಿ ಹುಳು ಅದನ್ನು ತಿಂದು ತೋಟಗಳನ್ನು ಉಳಿಸಿತು. ಅರ್ಧ ಶತಮಾನ ಕಳೆದು, 1940ರ ದಶಕದ ಕೊನೆಯಲ್ಲಿ, ಬೇರೆ ಕೀಟಗಳಿಗೆಂದು ಡಿ.ಡಿ.ಟಿ. ಸಿಂಪಡಿಸಿದರು. ಸಮನಾಗಿ ಕೊಂದರೇ ಕೇಡೆಂದು ಲೆಕ್ಕ ಹೇಳಿದ್ದಿತು. ಇಲ್ಲಿಯಾದರೋ ವಿಷವು ಉಪಕಾರಿಯಾದ ಹುಳುವನ್ನೇ ಹೆಚ್ಚಾಗಿ ಕೊಂದಿತು. ಶಲ್ಕಕೀಟ ಮತ್ತೆ ಮುತ್ತಿತು. ಸಿಂಪಡಣೆಯನ್ನು ತಿದ್ದಿಕೊಂಡು, ಗುಲಗಂಜಿ ಹುಳುಗಳನ್ನು ಪುನಃ ತಂದು ಬಿಟ್ಟ ಬಳಿಕ ತೋಟಗಳು ಚೇತರಿಸಿಕೊಂಡವು.