ಡೇರೆಗೂ ಬಂತು ಕರೆಂಟು

ಬಯಲಿನಲ್ಲಿ ಡೇರೆ ಹೊಡೆದು ಮಲಗುವುದೆಂದರೆ ದೀಪ, ಫ್ಯಾನು, ಟಿ.ವಿ.ಗಳ ಹಂಗು ತೊರೆಯುವುದು ಎಂದೇ ನಮ್ಮ ಕಲ್ಪನೆ. ಆದರೆ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳ ಕ್ಯಾಂಪಿಂಗ್ ಮೈದಾನಗಳಲ್ಲಿ ನೋಟವೇ ಬೇರೆ. ಹುಲ್ಲುಹಾಸಿನ ಅಂಚಿಗೆ ಗಿಡ್ಡನೆಯ ಕಂಬ. ಅದರ ಮೈಗೆ ಮುಚ್ಚಳವಿರುವ ನೀಲಿ ಸಾಕೆಟ್ಟುಗಳು. ಅಲ್ಲಿಂದ ಹೊರಟ ಕಿತ್ತಳೆ ಬಣ್ಣದ ಕೇಬಲ್ಲು ನೇರ ಡೇರೆಯೊಳಗೆ! ಈ ಏರ್ಪಾಡಿನ ಹೆಸರು ‘ಹುಕ್-ಅಪ್’. ಜಾಗದ ಬಾಡಿಗೆಯ ಜತೆಗೆ ಒಂದಿಷ್ಟು ಹೆಚ್ಚು ಹಣ ತೆತ್ತರೆ ರಾತ್ರಿಗೆ ಬೆಳಕು, ಬೆಳಿಗ್ಗೆಗೆ ಬಿಸಿನೀರು ಸಿದ್ಧ.

ಬ್ರಿಟನ್ನಿನಲ್ಲಿ ಡೇರೆವಾಸವನ್ನು ಹವ್ಯಾಸವಾಗಿ ಬೆಳೆಸಿದವರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ ಪ್ರಮುಖರು. 1901ರಲ್ಲಿ ಅವರು ಸೈಕಲ್ ಸವಾರರ ಕ್ಯಾಂಪಿಂಗ್ ಸಂಘ ಕಟ್ಟಿದರು. 1908ರಲ್ಲಿ ‘ದಿ ಕ್ಯಾಂಪರ್ಸ್ ಹ್ಯಾಂಡ್‌ಬುಕ್’ ಪ್ರಕಟಿಸಿದರು. ಸೈಕಲ್ ಹೊರುವಷ್ಟು ಹಗುರವಾದ ಡೇರೆ, ಒಂದು ಪುಟ್ಟ ಒಲೆ ಇದ್ದರೆ ಆ ಕಾಲಕ್ಕೆ ಸಂಸಾರ ಸಾಗುತ್ತಿತ್ತು. ಮುಂದೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆಗಳು, ಅಂದರೆ ಕ್ಯಾರವಾನುಗಳು ಬಂದವು. ವಿದ್ಯುತ್ ಕಂಬಗಳಿಗೆ ಮುಖ್ಯ ಗಿರಾಕಿಗಳು ಇವೇ. ಕ್ಯಾರವಾನಿಗೆ ಗಟ್ಟಿ ಗೋಡೆಯುಂಟು, ಒಳಗೆ ವೈರಿಂಗ್, ಫ್ಯೂಸು ಎಲ್ಲ ಉಂಟು. ಡೇರೆಗೆ ಇರುವುದು ಬಟ್ಟೆಯ ಗೋಡೆ, ತೇವದ ನೆಲ. ತೊಡಕು ಶುರುವಾಗುವುದು ಇಲ್ಲಿಂದಲೇ.

ಆದ್ದರಿಂದ ಡೇರೆಯವರು ಒಂದು ಪುಟ್ಟ ಪೆಟ್ಟಿಗೆಯನ್ನು ಜತೆಗೆ ಒಯ್ಯುತ್ತಾರೆ. ಅದರ ಕೇಬಲ್ಲಿನ ತುದಿಗೆ ಕಂಬಕ್ಕೆ ಹೊಂದುವ ನೀಲಿ ಪ್ಲಗ್ಗು, ಪೆಟ್ಟಿಗೆಯಲ್ಲಿ ಎರಡು ಮೂರು ಮಾಮೂಲಿ ಸಾಕೆಟ್ಟು, ನಡುವೆ ‘ಆರ್‌ಸಿಡಿ’ ಎಂಬ ಕಾವಲುಗಾರ. ಹೋದ ವಿದ್ಯುತ್ತಿನಷ್ಟೇ ವಿದ್ಯುತ್ತು ಮರಳಿ ಬಂತೇ ಎಂದು ಲೆಕ್ಕ ನೋಡುವುದು ಇದರ ಕೆಲಸ. 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೆ, ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ಮೈಮೂಲಕವೇ ನೆಲಕ್ಕಿಳಿಯುತ್ತಿದೆ ಎಂದು ಅರ್ಥ. ಕಣ್ಣು ಮಿಟುಕಿಸುವುದರೊಳಗೆ ಅದು ಸಂಪರ್ಕ ಕಡಿಯುತ್ತದೆ.

ಪ್ಲಗ್ಗಿನ ನೀಲಿ ಬಣ್ಣಕ್ಕೂ ಅರ್ಥವಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹಳದಿ 110 ವೋಲ್ಟಿಗೆ, ನೀಲಿ 230ಕ್ಕೆ, ಕೆಂಪು 400ಕ್ಕೆ. ಹೀಗಾಗಿ ಯೂರೋಪಿನ ಹಲವು ದೇಶಗಳಲ್ಲಿ ಒಂದೇ ನೀಲಿ ಪ್ಲಗ್ಗು ನಡೆಯುತ್ತದೆ. ಫ್ರಾನ್ಸಿನ ಕೆಲವೆಡೆ ಮಾತ್ರ ಮನೆಬಳಕೆಯ ಸಾಕೆಟ್ಟೇ ಇದ್ದು, ಅದಕ್ಕೆ ಅಡಾಪ್ಟರ್ ಬೇಕು. ಭಾರತದಲ್ಲೂ 230 ವೋಲ್ಟೇ ಇರುವುದರಿಂದ ನಮ್ಮ ಮೊಬೈಲ್ ಚಾರ್ಜರಿಗೆ ಅಲ್ಲಿನ ಕರೆಂಟು ಒಗ್ಗುತ್ತದೆ. ನಮ್ಮ ದಪ್ಪ ಮೂರು ಪಿನ್ನು ಮಾತ್ರ ಒಗ್ಗುವುದಿಲ್ಲ.

ಇನ್ನು ಆಂಪಿಯರ್ ಲೆಕ್ಕ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 16 ಆಂಪಿಯರ್ ಸಿಗುತ್ತದೆ, ಫ್ರಾನ್ಸಿನಲ್ಲಿ ಹಲವೆಡೆ 6 ಅಥವಾ 10. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟು. 6 ಆಂಪಿಯರ್ ಎಂದರೆ 1,380 ವ್ಯಾಟು. ಅದಕ್ಕೆ ಮನೆಯಿಂದ ತಂದ 2,000 ವ್ಯಾಟಿನ ಕೆಟಲ್ ಹಾಕಿದರೆ ಕಂಬದ ಸ್ವಿಚ್ಚು ಬೀಳದೆ ಇದ್ದೀತೆ? ಕಂಬಕ್ಕೆ ಬೀಗವಿದ್ದರಂತೂ ಚಹಾ ಬಿಟ್ಟು ಮೈದಾನದ ಮೇಲ್ವಿಚಾರಕನನ್ನು ಹುಡುಕಬೇಕು! ಅನುಭವಸ್ಥರು 1,000 ವ್ಯಾಟಿಗಿಂತ ಕಡಿಮೆಯ ಕೆಟಲ್ ಒಯ್ಯುತ್ತಾರೆ. ನೀರು ಕುದಿಯುವುದು ತಡ, ಆದರೆ ಕುದಿಯುತ್ತದೆ.

ಕೇಬಲ್ಲನ್ನು ಸುರುಳಿಯಲ್ಲೇ ಬಿಡುವುದು ಹೊಸಬರ ಸಾಮಾನ್ಯ ತಪ್ಪು. 25 ಮೀಟರಿನ ಕೇಬಲ್ಲಿನಲ್ಲಿ ಐದೇ ಮೀಟರ್ ಬೇಕಿದ್ದರೂ ಪೂರ್ತಿ ಬಿಚ್ಚಿ ಹರಡಬೇಕು. ಸುತ್ತಿಟ್ಟ ತಂತಿಯ ಕಾವು ಹೊರಹೋಗದೆ ಹೊದಿಕೆಯೇ ಕರಗೀತು. ಯೂರೋಪಿನ ಕೆಲವೆಡೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದೂ ಉಂಟು. ಆಗ ಸ್ವಿಚ್ ಆರಿಸಿದರೂ ಉಪಕರಣದೊಳಗೆ ಕರೆಂಟು ಉಳಿದಿರುತ್ತದೆ. ಪ್ಲಗ್ಗನ್ನೇ ಕಿತ್ತಿಡುವುದು ಕ್ಷೇಮ.

ಇಷ್ಟೆಲ್ಲ ರಗಳೆ ಏಕೆ, ಇದ್ದಿಲ ಒಲೆ ಸಾಲದೇ ಎನ್ನಬಹುದು. ಚಳಿಗೆಂದು ಆರುತ್ತಿರುವ ಇದ್ದಿಲ ಒಲೆಯನ್ನು ಡೇರೆಯೊಳಗೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದೇ ಹೋದ ಪ್ರಸಂಗಗಳು ಬ್ರಿಟನ್ನಿನಲ್ಲಿ ನಡೆದಿವೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಮ್ಮ ದೇಶದ ಚಳಿಗಾಲದಲ್ಲೂ ಓದುತ್ತೇವೆ. ಹುಕ್-ಅಪ್ ಇದ್ದಲ್ಲಿ ಬೆಚ್ಚಗಾಗಲು ಕೆಂಡ ಬೇಕಿಲ್ಲ. ಕಡಿಮೆ ವ್ಯಾಟಿನ ಹೀಟರನ್ನು ಬಟ್ಟೆಗೆ ತಾಗದಂತೆ, ಮಗುಚದಂತೆ ಇಟ್ಟು, ಡೇರೆ ಬೆಚ್ಚಗಾದ ಮೇಲೆ ಮಲಗುವ ಮುನ್ನ ಆರಿಸಿದರಾಯಿತು.

ಮನೆಯಲ್ಲಿ ಅರ್ತಿಂಗ್, ಫ್ಯೂಸುಗಳನ್ನು ಯಾರೋ ಎಂದೋ ಗೋಡೆಯೊಳಗೆ ಹುದುಗಿಸಿ ಹೋಗಿರುತ್ತಾರೆ. ನಾವು ಸ್ವಿಚ್ ಒತ್ತುತ್ತೇವೆ, ಅಷ್ಟೆ. ಡೇರೆಯಲ್ಲಿ ಆ ಕೆಲಸ ನಮ್ಮದೇ. ಮೊದಲು ಡೇರೆಯ ಕಡೆಯ ಜೋಡಣೆ, ಆಮೇಲೆ ಕಂಬದ್ದು. ಹೊರಡುವ ದಿನ ಮೊದಲು ಕಂಬದ್ದು ಕಿತ್ತು, ಆಮೇಲೆ ಡೇರೆಯದು.